ದಾಸವಾಳದ ಬುಡದಲ್ಲಿ ಕೈ ತೊಳೆಯಬೇಡ

ಲೋ ದೊಡ್ಡೋನೇ,

ನಿನ್ನ ಗುದ್ದಿಗೆ ತಮ್ಮನ ಹುಬ್ಬು ಸೀಳಿದೆ. ಹೊಲಿಗೆ ಹಾಕಿಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಅಡುಗೆ ಮಾಡಿಲ್ಲ, ಹಸಿದುಕೊಂಡು ಬಿದ್ದಿರು.

ದಾಸವಾಳ ಯಾಕೆ ಜೋತುಬಿದ್ದಿದೆ ಅಂತ ಈಗ ಗೊತ್ತಾಯ್ತು. ನೀರು ಕಮ್ಮಿಯಾಗಿಲ್ಲ, ಹೆಚ್ಚಾಗಿದೆ. ನೀವಿಬ್ಬರೂ ಬಡಿದಾಡಿದಾಗಲೆಲ್ಲ ರಕ್ತದ ಕೈ ತೊಳೆಯೋದು ಅದರ ಬುಡದಲ್ಲೇ. ಈ ವಾರ ಐದು ಸಲ! ಬೇರು ಕೊಳೆತಿದೆ.

ಗಿಡಾನ ಕುಂಡದಿಂದ ಮೆಲ್ಲಗೆ ತೆಗೆದು, ಕಪ್ಪಾದ ಬೇರು ಕತ್ತರಿಸಿ ನೆರಳಲ್ಲಿಡು. ಒಣ ಮಣ್ಣು ತಂದಿಡು. ಒಂದು ಹನಿ ನೀರು ಹಾಕಿದ್ರೂ ಸಲಿಕೆ ತಗೊಂಡು ನಿನ್ನ ಕೈ ಮುರೀತೀನಿ.

ತಮ್ಮ ಬರೋವರೆಗೂ ನೆಡಬೇಡ. ಅವನು ಎರಡೂ ಕೈಯಲ್ಲಿ ಗಿಡ ನೆಟ್ಟಗೆ ಹಿಡೀತಾನೆ, ನೀನು ಎರಡೂ ಕೈಯಲ್ಲಿ ಮಣ್ಣು ಒತ್ತು. ನಾನು ಸಾಕು ಅನ್ನೋವರೆಗೂ ಇಬ್ಬರೂ ಕೈ ತೆಗೆಯೋ ಹಾಗಿಲ್ಲ.

ಅಕ್ಕ