ಗಿಲಕಿಗೆ ತಿರುಗದ ಮಗು

ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಅಮ್ಮನಿಗೆ,

ಮೊಮ್ಮಗನಿಗೆ ಹತ್ತು ತಿಂಗಳು ತುಂಬಿತು, ಈಗ ಯಾವ ಆಟಿಕೆ ತರಲಿ ಎಂದು ನೀನು ಕೇಳಿ ಎಷ್ಟೋ ದಿನವಾಯಿತು. ವೀಡಿಯೊ ಕರೆಯಲ್ಲಿ ಕೈಸನ್ನೆ ಮಾಡಿ ಮತ್ತೆ ಮತ್ತೆ ಕೇಳಿದಾಗ ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕರೆ ಕತ್ತರಿಸಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಇವತ್ತು ಎಲ್ಲ ಹೇಳುತ್ತೇನೆ. ಗಾಬರಿಯಾಗಬೇಡ, ಮಗು ಚೆನ್ನಾಗಿದ್ದಾನೆ.

ನಿನಗೆ ಹುಟ್ಟಿನಿಂದ ಕಿವಿ ಕೇಳಿಸದು. ನೀನು ನನ್ನನ್ನು ಆಡಿಸಿದ್ದೆಲ್ಲ ಕಣ್ಣಿಗೆ, ಕೈಗೆ. ನಾನೂ ಇವನನ್ನು ಹಾಗೆಯೇ ಆಡಿಸಿದೆ, ಬೇರೆ ಆಟ ನನಗೆಲ್ಲಿ ಗೊತ್ತು? ಹೊಸದರಲ್ಲಿ ಕಪ್ಪು ಬಿಳುಪು ಪಟ್ಟೆಯ ಬಟ್ಟೆ ತೊಟ್ಟಿಲಿಗೆ ಕಟ್ಟಿದೆ. ಕತ್ತು ನಿಂತ ಮೇಲೆ ಒಡೆಯದ ಕನ್ನಡಿ. ಕೂರಲು ಬಂದಾಗ ನಿನ್ನ ಹೊಲಿಗೆ ಅಂಗಡಿಯ ಚೂರುಬಟ್ಟೆಯಲ್ಲಿ ನೀನು ಹೊಲಿದು ಕಳಿಸಿದ ಚೆಂಡು. ಕೈಯಲ್ಲಿ ಮುಖ ಮುಚ್ಚಿ ತೆರೆಯುವ ಆಟಕ್ಕಂತೂ ಕೇಕೆ ಹಾಕಿ ನಗುತ್ತಾನೆ. ಇವರು ಬೇಕರಿಯ ರಾತ್ರಿಪಾಳಿ ಮುಗಿಸಿ ಹಗಲೆಲ್ಲ ಮಲಗಿರುತ್ತಾರಲ್ಲ, ಸದ್ದಿಲ್ಲದ ಆಟವೇ ವಾಸಿ ಎಂದುಕೊಂಡೆ.

ಹೋದ ತಿಂಗಳು ಮೇಲಿನ ಮನೆಯ ಆಂಟಿ ಗಿಲಕಿ ತಂದರು. ನಾನು ಎದುರು ಕೂತು ಬೆರಳಲ್ಲಿ ಹಕ್ಕಿ ಹಾರಿಸುತ್ತಿದ್ದೆ. ಅವರು ಮಗುವಿನ ಬೆನ್ನ ಹಿಂದಿನಿಂದ ಗಲಗಲ ಅಲ್ಲಾಡಿಸಿದರು. ಇವನು ತಿರುಗಲೇ ಇಲ್ಲ. ಏನೇ ಇದು, ಮಗೂಗೆ ಕಿವಿ ಕೇಳ್ಸುತ್ತೆ ತಾನೆ ಅಂದುಬಿಟ್ಟರು.

ಅಮ್ಮಾ, ನೀನು ನನಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಆದರೂ ಹೆದರಿದೆ. ಅಂಗಡಿಗೆ ಬಂದವರು ನಿನ್ನ ಬೆನ್ನ ಹಿಂದೆ ಆಡುತ್ತಿದ್ದ ಮಾತನ್ನೆಲ್ಲ ಕೇಳಿಸಿಕೊಂಡವಳು ನಾನೇ ತಾನೆ? ಅದು ಇವನ ಪಾಲಿಗೂ ಬರುವುದು ಬೇಡಪ್ಪಾ ಎಂದು ಒಳಗೊಳಗೇ ಅತ್ತೆ. ಮಗು ನನ್ನ ಹಾಗೇ ಆದರೆ ಅಷ್ಟು ಕೆಟ್ಟದ್ದೇನು ಎಂದು ನೀನು ಕೇಳಿಬಿಟ್ಟರೆ ಎಂಬ ಅಳುಕು. ಅದಕ್ಕೇ ನಿನ್ನಿಂದ ಮುಚ್ಚಿಟ್ಟೆ.

ಮೊನ್ನೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡುವ ಹುಡುಗಿ ಹಿಂದೆ ನಿಂತು ಗಂಟೆ ಆಡಿಸಿದಳು. ಊಹೂಂ. ಡೋಲು ಬಡಿದಳು. ಊಹೂಂ. ಮಗು ಹೆದರದಿರಲೆಂದು ನಾನು ಎದುರಿಗೇ ಕೂತು ಬೆರಳಾಡಿಸುತ್ತಿದ್ದೆ. ಇವರು ಕುರ್ಚಿಯಿಂದ ಎದ್ದೇ ನಿಂತರು. ಆ ಹುಡುಗಿ ನನ್ನನ್ನೇ ಒಂದು ಗಳಿಗೆ ನೋಡಿ, ಸ್ವಲ್ಪ ಕೈ ಕಟ್ಕೊಂಡು ಕೂತ್ಕೊಳ್ತೀರಾ, ಅವನು ನಿಮ್ಮ ಕೈ ಬಿಟ್ಟು ಬೇರೇನೂ ನೋಡ್ತಾನೇ ಇಲ್ಲ ಅಂದಳು. ಕೈ ಕಟ್ಟಿದೆ. ಅವಳು ಒಂದು ಕಾಗದವನ್ನು ಪರಪರ ಎನ್ನಿಸಿದಳು ಅಷ್ಟೇ, ಇವನು ಗಕ್ಕನೆ ತಿರುಗಿದ! ಎಡಗಡೆ ಸದ್ದಾದರೆ ಎಡಕ್ಕೆ, ಬಲಗಡೆಯಾದರೆ ಬಲಕ್ಕೆ. ಯಂತ್ರ ಇಟ್ಟೂ ನೋಡಿದರು, ಎರಡೂ ಕಿವಿ ಸರಿಯಾಗಿವೆ. ಇವರು ಕುರ್ಚಿಯಲ್ಲಿ ಕುಸಿದು ಕೂತು, ನಿನ್ನ ಕೈ ನಮ್ಮ ಜೀವಾನೇ ತೆಗೀತಲ್ಲೇ ಎಂದು ನಗತೊಡಗಿದರು. ನಾನು ನಗುತ್ತಲೇ ಅತ್ತೆ. ಹೋದ ಜೀವ ಬಂದಂತಾಯಿತು ಅಮ್ಮಾ.

ಕೈಯಾಟ ಬಿಡಬೇಡಿ, ಜೊತೆಗೆ ಬಾಯೂ ಆಡಲಿ ಎಂದು ಆ ಹುಡುಗಿ ಹೇಳಿ ಕಳಿಸಿದಳು. ಬೀದಿಗೆಲ್ಲ ಬಾಯಿಬಡುಕಿ ಎನಿಸಿಕೊಂಡವಳು ಮಗುವಿನ ಮುಂದೆ ತುಟಿಪಿಟಕ್ಕೆನ್ನುತ್ತಿರಲಿಲ್ಲ ನೋಡು! ಈಗ ಚಮಚದಲ್ಲಿ ತಟ್ಟೆ ಬಡಿಯುವುದೇ ನಮ್ಮ ಆಟ. ಇವರು ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಾರೆ. ಆಟಿಕೆ ಏನೂ ತರಬೇಡ, ಬೇಗ ಬಾ. ಸದ್ದಿನ ಆಟ ನಾನು ಆಡಿಸುತ್ತೇನೆ, ಕೈಯಾಟ ನಿನಗೇ ಬಿಟ್ಟದ್ದು.

ನಿನ್ನ ದಾರಿ ಕಾಯುವ,
ಬಾಯಿಬಡುಕಿ ಮಗಳು

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ನಿನ್ನೆ ಗೋಡೆಯ ಮೇಲಿನ ನಿನ್ನ ಫೋಟೊ ನೋಡಿ ಇವನು ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಗಾಳಿಯಲ್ಲಿ ದಾರ ಎಳೆದಂತೆ ಕೈ ಮೇಲೆತ್ತಿದ. ನಮ್ಮ ಮನೆಯಲ್ಲಿ ಎಲ್ಲರೂ ನಿನ್ನನ್ನು ಕರೆಯುವ ಸನ್ನೆ ಅದೇ ಅಲ್ಲವೇ? ಇವನ ಬಾಯಿಂದ ಇನ್ನೂ ಒಂದು ಮಾತೂ ಹೊರಟಿಲ್ಲ. ಇವನ ಮೊದಲ ಮಾತು ಕೈಯಿಂದ ಬಂತು ಅಮ್ಮಾ, ಅದು ನಿನ್ನ ಹೆಸರು.