ಎರ್ರೆಪ್ಪ ಬಿಟ್ಟ ನೀರು

ಫೆಬ್ರವರಿ ೩, ಬೆಳಿಗ್ಗೆ. ಚಿತ್ತವಾಡ್ಗಿ

ಮತ್ತೆ ಟೈರ್ ಅಂಗಡಿಗೆ ಫೋನು. ರೂಮ್ ಬುಕಿಂಗ್, ಡೀಸೆಲ್, ಹುಡುಗರಿಗೆ ಒಗ್ಗಾಣಿ-ಮಿರ್ಚಿ ಎಷ್ಟು ಪ್ಲೇಟು — ಮ್ಯಾನೇಜರ್ ಅಂದರೆ ಇದೇ. ಹದಿನೈದು ವರ್ಷ ರ್‍ಯಾಲಿ ಕಾರು ಓಡಿಸಿದವನು ನಾನು. ಹೋದ ವರ್ಷ ಭುಜ ಮುರಿಯಿತು. ಟೀಮ್ ಓನರ್ ಗುಡ್ಡಪ್ಪ ಸಾವ್ಕಾರ್ರು ನನ್ನ ಕಾರನ್ನು ವಡ್ಡು ಊರಿನ ಹುಡುಗಿ ಯಶೋಧರಾಗೆ ಕೊಟ್ಟರು. ನನಗೆ ಕುರ್ಚಿ.

ಕೂತರೂ ಬಲಗಾಲು ನೆಲ ಒತ್ತುತ್ತದೆ. ಹೆಂಡತಿ ರೇಣುಕಾಗೆ ನಗು — "ಕುಂತಲ್ಲೇ ಬ್ರೇಕ್ ಹಾಕಬ್ಯಾಡ್ರೀ, ಚಾಪಿ ಹರಿತೈತಿ."

ಬ್ರೇಕ್ ಅಲ್ಲ, ಆಕ್ಸಿಲರೇಟರ್. ಅವಳಿಗೆ ಹೇಳಲಿಲ್ಲ.

ಫೆಬ್ರವರಿ ೫

ಸಂಡೂರಿನ ಗಣಿ ರಸ್ತೆಯಲ್ಲಿ ಭಾನುವಾರದ ರ್‍ಯಾಲಿಗೆ ಪ್ರಾಕ್ಟೀಸ್. ಗುಡ್ಡದ ಹಿಂದಿನ ತಿರುವು ಮೊದಲೇ ಕಾಣುವುದಿಲ್ಲ. ಅಲ್ಲಿ ಯಶೋಧರಾ ಬ್ರೇಕ್ ಹಾಕುತ್ತಾಳೆ. ಪ್ರತಿ ಸಲ. ರೇಗಿದೆ.

"ಅಲ್ಲಿ ಯಾಕವ್ವಾ ಬ್ರೇಕು? ನಾ ಇದ್ದಿದ್ರ ಫುಲ್ ಗ್ಯಾಸ್!"

"ಕಾಣದ್ದನ್ನ ನಾ ನಂಬಂಗಿಲ್ರೀ ಅಣ್ಣಾ."

ನನ್ನ ಭುಜ ಮುರಿದದ್ದು ಅಂಥದೇ ತಿರುವಿನಲ್ಲಿ. ಅದನ್ನು ಅವಳು ಎತ್ತಲಿಲ್ಲ. ಅದಕ್ಕೇ ಇನ್ನೂ ಸಿಟ್ಟು.

ಸಂಜೆ ಸಾವ್ಕಾರ್ರ ಫೋನು. "ಭಾನುವಾರ ಆಕಿ ಗೆಲ್ಲಲಿಲ್ಲಾಂದ್ರ ಮುಂದಿನ ರ್‍ಯಾಲಿಗೆ ಕಾರಿನ್ಯಾಗ ನೀನ ಕುಂದ್ರಲೇ ಹುಲುಗೇಶಾ." ಹೂಂ ಅಂದೆ. ಊಟ ಸೇರಲಿಲ್ಲ... ಖುಷಿಗೆ.

ಫೆಬ್ರವರಿ ೯, ಭಾನುವಾರ ಬೆಳಿಗ್ಗೆ

ಬರೆಯಲು ಪುರಸೊತ್ತಿರಲಿಲ್ಲ. ಪ್ರಾಕ್ಟೀಸಿಗೆ ಅಂತ ಟಿ.ಬಿ. ಡ್ಯಾಂ ಕಡೆ ನಾನೊಂದು ಹಳೇ ಕಾರು ಓಡಿಸಿದ್ದೇ ಓಡಿಸಿದ್ದು. ಭುಜ ನೋಯುತ್ತದೆ, ಆದರೂ ನಡೆಯುತ್ತದೆ. ಇವತ್ತು ಆ ಹುಡುಗಿ ಸೋಲಲಿ ಅಂತ ಮನಸ್ಸು ಬೇಡುತ್ತಿದೆ. ಥೂ.

ಅದೇ ದಿನ, ಸಂಜೆ

ರ್‍ಯಾಲಿ ಶುರುವಾಗುವ ಮುಂಚೆ ಟೀ ಅಂಗಡಿಯಲ್ಲಿ ಎರ್ರೆಪ್ಪ ಸಿಕ್ಕ. ಗಣಿ ರಸ್ತೆಗೆ ನೀರು ಬಿಡುವ ಟ್ಯಾಂಕರ್ ಡ್ರೈವರ್. ಮುಖದ ತುಂಬಾ ನಗು.

"ಗುಡ್ಡದ ಹಿಂದ ಮಸ್ತ್ ನೀರು ಬಿಟ್ಟೀನ್ರೀ. ನಿಮ್ ಹುಡುಗಿಗೆ ಧೂಳು ಹತ್ತಂಗಿಲ್ಲ."

ಧೂಳು ಕಂಡಲ್ಲಿ ನೀರು, ಗಣಿಯವರ ಅಭ್ಯಾಸ. ನಿಧಾನ ಹೋಗುವ ಲಾರಿಗೆ ಸರಿ. ರೇಸಿನ ಸ್ಪೀಡಿಗೆ ಆ ಒದ್ದೆ ಕೆಂಪು ಮಣ್ಣು ಎಣ್ಣೆ ಸುರಿದ ಹಾಗೆ. ರೇಸಿನವರಲ್ಲಿ ಇದು ನನಗೊಬ್ಬನಿಗೇ ಗೊತ್ತು. ಸುಮ್ಮನಿದ್ದರೆ ಸಾಕು, ಸೀಟು ನನ್ನದು.

ಕೈಯಲ್ಲಿದ್ದ ಟೀ ಪೂರ್ತಿ ಕುಡಿದೆ. ಆಮೇಲೆ ಎದ್ದೆ. ಆ ಟೀ ಕುಡಿದದ್ದಕ್ಕೆ ಈಗಲೂ ನಾಚಿಕೆ.

ಸ್ಟಾರ್ಟ್ ಲೈನಿನವರಿಗೆ ಹೇಳಿದೆ. ಮೈಕಿನಲ್ಲಿ ಕೂಗಿದರು. ಎಂಜಿನ್ ಸದ್ದಿನಲ್ಲಿ ಯಾರು ಕೇಳುತ್ತಾರೆ? ಓಡಿ ಯಶೋಧರಾಳ ಕಿಟಕಿ ಬಡಿದೆ.

"ಗುಡ್ಡದ ಹಿಂದ ಜಾರ್ತೈತವ್ವಾ. ಬ್ರೇಕ್ ಇನ್ನೂ ಮೊದ್ಲ ಹಾಕು."

"ಫುಲ್ ಗ್ಯಾಸ್ ಅಂದಿದ್ರೆಲ್ರೀ?"

"ಬ್ಯಾಡ ಅಂದ್ರ ಬ್ಯಾಡ!"

ಬೇರೆ ಟೀಮಿನ ಇಬ್ಬರು ಅಲ್ಲಿ ಜಾರಿ ಬೇಲಿ ಸೇರಿದರು. ಪುಣ್ಯಕ್ಕೆ ಪೆಟ್ಟಿಲ್ಲ. ಅವಳು ಬಂದಳು. ಗೆದ್ದಳು.

ಸಾವ್ಕಾರ್ರು ಬೆನ್ನು ತಟ್ಟಿದರು. "ಈಗ ಖರೇ ಮ್ಯಾನೇಜರ್ ಆದಿ ನೋಡು." ಅಳು ಬಂತು. ಕಣ್ಣಾಗ ಧೂಳು ಅಂದೆ.

ಯಶೋಧರಾ ಕೀ ಕೊಟ್ಟಳು. "ಅಣ್ಣಾ, ಟ್ರೇಲರ್ ಮ್ಯಾಲ ಕಾರು ನೀವ ಹತ್ತಸ್ರಿ."

ವರ್ಷದ ಮೇಲೆ ಆ ಕಾರಿನೊಳಗೆ ಕೂತೆ. ಸೀಟು ಅವಳ ಅಳತೆಗೆ ಮುಂದಿತ್ತು. ಮೊಣಕಾಲು ಸ್ಟಿಯರಿಂಗ್‌ಗೆ ತಗುಲಿತು. ಹಿಂದೆ ಸರಿಸೋಣ ಅಂತ ಲಿವರ್ ಹಿಡಿದೆ. ಬಿಟ್ಟೆ. ಕಾಲು ಮಡಚಿಕೊಂಡೇ ಫಸ್ಟ್ ಗೇರ್ ಹಾಕಿ ಮೆಲ್ಲಗೆ ಟ್ರೇಲರ್ ಹತ್ತಿಸಿದೆ.