ಕಿವಿಯೊಳಗಿನ ಅಡಿಗಲ್ಲು

ನನ್ನ ಮುದ್ದಿನ ಸೋದರಸೊಸೆ ಪವಿತ್ರಳಿಗೆ, ಮೇಟಗಳ್ಳಿಯಿಂದ ನಿನ್ನ ಮರಿಮಾವ ಬರೆಯುವ ಕಾಗದ.

ದಿನಾ ಫೋನಿನಲ್ಲಿ ಕೂಗಾಡುವವನು ಇದೇನು ಕಾಗದ ಹಿಡಿದ ಅಂದುಕೊಳ್ಳಬೇಡ. ಫೋನಿನಲ್ಲಾದರೆ ನಾನು ತಮಾಷೆ ಮಾಡಿಬಿಡುತ್ತೇನೆ, ನೀನು ನಕ್ಕುಬಿಡುತ್ತೀಯ, ಹೇಳಬೇಕಾದ್ದು ಉಳಿದೇ ಹೋಗುತ್ತದೆ. ಹಾಗೆ ಹದಿನೇಳು ವರ್ಷ ಉಳಿದಿದೆ. ಊರ ಸ್ಕೂಲಲ್ಲಿ ಏಳನೇ ಕ್ಲಾಸು ಓದಿದವನು ನಾನು; ಒತ್ತಕ್ಷರ ತಪ್ಪಿದ್ದರೆ ನಿನ್ನ ಶಿಶುವಿಹಾರದ ಮಕ್ಕಳದ್ದು ತಿದ್ದಿದ ಹಾಗೆ ತಿದ್ದಿಕೋ. ಆದರೆ ದುಂಡಕ್ಷರದಲ್ಲಿ ಇಡೀ ಸ್ಕೂಲಿಗೆ ನಾನೇ ಫಸ್ಟು, ಅದರಲ್ಲಿ ಅನುಮಾನ ಬೇಡ.

ಮೊನ್ನೆ ಡಾಕ್ಟರಮ್ಮ ನಿನ್ನ ಎಡಗಿವಿಯ ಚಿತ್ರ ಬರೆದು, ತಮಟೆಯ ಹಿಂದೆ ಮೂರು ಪುಟ್ಟ ಮೂಳೆ ಇರುತ್ತವೆ, ಸುತ್ತಿಗೆ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು, ಕುದುರೆ ಸವಾರ ಕಾಲಿಡುವ ರಿಕಾಪು ಅಂದಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ! ಎರಡು ನಮ್ಮ ವರ್ಕ್‌ಶಾಪಿನ ಸಾಮಾನು. ನಡುವಿನ ಅಡಿಗಲ್ಲನ್ನು ಕೀವು ತಿಂದುಹಾಕಿದೆ, ಆ ಜಾಗಕ್ಕೆ ಕೃತಕ ಮೂಳೆ ಕೂರಿಸಬೇಕು ಅಂದರು. ನಾನು ಸುಮ್ಮನಿರುವ ಪ್ರಾಣಿಯೇ? ಜೇಬಿನಲ್ಲಿದ್ದ ಕಂಚಿನ ತುಂಡು ತೆಗೆದು ಮೇಜಿನ ಮೇಲೆ ಬೀಳಿಸಿದೆ. ಟಣ್ ಅಂತು. “ಕೇಳಿದ್ರಾ ಮೇಡಂ, ಮೂವತ್ತು ವರ್ಷದಿಂದ ಲೋಹನ ಸದ್ದಲ್ಲೇ ಗುರುತು ಹಿಡಿಯೋನು ನಾನು. ಇದನ್ನೇ ಹಾಕ್ಬುಡಿ, ಬೇಕಾದ್ರೆ ನಾನೇ ಕಡೆದುಕೊಡ್ತೀನಿ” ಅಂದೆ.

ಡಾಕ್ಟರಮ್ಮ ನಗಲಿಲ್ಲ. “ಯಜಮಾನ್ರೇ, ಗಂಟೆ ಮಾಡೋಕೆ ಕಂಚು ಸರಿ. ಕಿವಿ ಮೂಳೆ ತಾನು ಮೊಳಗಬಾರದು, ಬಂದ ಅಲುಗಾಟನ ಮುಂದಕ್ಕೆ ದಾಟಿಸ್ಬೇಕು, ಅಷ್ಟೇ. ಭಾರ ಆದ್ರೆ ಸ, ಶ ಅಂಥ ಸಣ್ಣ ಸದ್ದಿಗೆ ಅದನ್ನ ಅಲುಗಿಸೋ ಶಕ್ತಿನೇ ಇರಲ್ಲ. ಮೆತ್ತಗಾದ್ರೆ ಸದ್ದು ನಡುವೆಯೇ ಇಂಗೋಗುತ್ತೆ” ಅಂದರು. ಅವರು ತೋರಿಸಿದ್ದು ಎರಡು: ಮೂಳೆಯೊಳಗಿನ ಖನಿಜದ್ದೇ ಜಾತಿಯ, ಪಿಂಗಾಣಿಯಂಥ ಒಂದು, ಅಕ್ಕಿಯ ನುಚ್ಚಿನಷ್ಟು ಟೈಟಾನಿಯಂ ಒಂದು. ಟೈಟಾನಿಯಂ ಅಂಗೈ ಮೇಲಿಟ್ಟರೆ ಇಟ್ಟದ್ದೇ ಗೊತ್ತಾಗಲಿಲ್ಲ. ಬೀಳಿಸಿದ್ದರೂ ಸದ್ದು ಬರುತ್ತಿರಲಿಲ್ಲ. ತೂಕವಿಲ್ಲದ್ದೂ ಗಟ್ಟಿಯಿರುತ್ತದೆ ಅನ್ನುವುದು ನನ್ನ ಲೆಕ್ಕದಲ್ಲಿ ಯಾವತ್ತೂ ಇರಲಿಲ್ಲ ಕಣವ್ವ.

ಆಮೇಲೆ ಅವರು ಕೇಳಿದರು: “ಚಿಕ್ಕಂದಿನಲ್ಲಿ ಕಿವಿ ಸೋರ್ತಿದ್ದಾಗ ಯಾರಿಗೂ ತೋರಿಸ್ಲಿಲ್ವಾ?” ನೀನು ತಕ್ಷಣ, “ತೋರಿಸಿದ್ವಿ ಡಾಕ್ಟ್ರೇ, ನಮ್ಮ ಮಾವನೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡೋಗಿದ್ರು, ಅಲ್ಲಿಯೋರು ಎಣ್ಣೆ ಬಿಡಿ ಅಂದ್ರು” ಅಂದೆ. ಅವರು ಅದನ್ನು ಫೈಲಿನಲ್ಲಿ ಬರೆದುಕೊಂಡರು. ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಾ ನಿಂತೆ.

ಅದು ಸುಳ್ಳು, ಪವೀ. ನಿನಗಾಗ ಏಳು ವರ್ಷ. ಕಿವಿಯ ಡಾಕ್ಟರಿಗೆ ತೋರಿಸಿ ಅಂತ ಸ್ಕೂಲಿನವರು ಚೀಟಿ ಕೊಟ್ಟಿದ್ದರು. ನಿನ್ನಮ್ಮ ನೀಲಕ್ಕ ನಿನ್ನನ್ನು ನನ್ನ ಜೊತೆ ಕಳಿಸಿದಳು. ಆಸ್ಪತ್ರೆಯಲ್ಲಿ ಜನವೋ ಜನ. ಅವತ್ತೇ ವರ್ಕ್‌ಶಾಪಿಗೆ ಲೋಹ ಕಡೆಯುವ ಹೊಸ ಲೇತ್ ಮಷೀನು ಬರುವುದಿತ್ತು. ಮೊದಲ ಕಟ್ ನಾನೇ ಹೊಡೆಯುವವನು ಅಂತ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ನಿನ್ನನ್ನು ಅಗ್ರಹಾರದ ಔಷಧಿ ಅಂಗಡಿಗೆ ಕರೆದುಕೊಂಡು ಹೋದೆ. ಬಿಳಿ ಅಂಗಿ ಹಾಕಿದ್ದ ಗೆಳೆಯ ಚಿಕ್ಕಮಾದಯ್ಯ ಟಾರ್ಚ್ ಬಿಟ್ಟು ನೋಡಿದ. “ಲೋ ಮರಿಸ್ವಾಮಿ, ನಂಗೇನ್ ಗೊತ್ತಾಯ್ತದೆ, ಡಾಕ್ಟ್ರುತಾವ ಹೋಗೋ” ಅಂತಲೇ ಅಂದ. ನಾನು ಅವನಿಗೆ ಕಣ್ಣು ಹೊಡೆದು, “ಡಾಕ್ಟ್ರಿಗೆ ನಮಸ್ಕಾರ ಮಾಡವ್ವ” ಅಂದೆ. ನೀನು ಎರಡೂ ಕೈ ಮುಗಿದೆ. ಮನೆಗೆ ಬಂದು ಅಕ್ಕನಿಗೆ, ದೊಡ್ಡ ಡಾಕ್ಟರು ನನ್ನ ಪರಿಚಯ, ಒಳಗಿಂದಲೇ ಕರೆದರು, ಬೆಳ್ಳುಳ್ಳಿ ಎಣ್ಣೆ ಸಾಕಂತೆ ಅಂದೆ. ಎಷ್ಟೋ ಜನರ ಕಿವಿಗೆ ಹೂವಿಟ್ಟವನು ನಾನು, ಆದರೆ ನಿನ್ನ ಕಿವಿಗೆ ಇಟ್ಟದ್ದು ಒಳಗಿನ ಮೂಳೆಯನ್ನೇ ತಿಂದಿತು.

ಸಾಲದ್ದಕ್ಕೆ, ನೀನು ಮಾತುಮಾತಿಗೂ “ಏನು ಮಾವ?” ಅಂತ ಕೇಳುವುದಕ್ಕೆ ‘ಏನೂಬಾಯಿ’ ಅಂತ ಹೆಸರಿಟ್ಟು ನೆಂಟರನ್ನೆಲ್ಲ ನಗಿಸಿದೆ. ನಿನಗೆ ನಿಜವಾಗಿ ಕೇಳಿಸುತ್ತಿಲ್ಲ ಅಂತ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೇ. ಎಡಗಡೆಯಿಂದ ಮೆಲ್ಲಗೆ ಕರೆದರೆ ನೀನು ಬಲಕ್ಕೆ ತಿರುಗುತ್ತಿದ್ದೆ. ಅದನ್ನೇ ಆಟ ಮಾಡಿಕೊಂಡೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಮೊನ್ನೆ ಮೆಟ್ಟಿಲಿಳಿಯುತ್ತಾ ನೀನು ಅಂದೆಯಲ್ಲ, “ಅಷ್ಟು ದೊಡ್ಡ ಡಾಕ್ಟ್ರೇ ಅವತ್ತು ಎಣ್ಣೆ ಬಿಡಿ ಅಂದ್ಮೇಲೆ ಇವರನ್ನ ಹೇಗೆ ನಂಬೋದು? ನಿಂಗೆ ಲೋಹ ಗೊತ್ತು, ನೀನು ಯಾವುದು ಅಂತೀಯೋ ಅದೇ ಮಾವ, ಬೇಡ ಅಂದ್ರೆ ಬೇಡ” ಅಂತ. ಅವತ್ತು ಯಾವ ಡಾಕ್ಟರೂ ತಪ್ಪು ಹೇಳಲಿಲ್ಲ ಕಣವ್ವ. ಯಾವ ಡಾಕ್ಟರೂ ನಿನ್ನನ್ನು ನೋಡಲೇ ಇಲ್ಲ. ನನ್ನ ಸುಳ್ಳಿಗಾಗಿ ಈ ಡಾಕ್ಟರಮ್ಮನ ಮೇಲೆ ಅನುಮಾನಪಡಬೇಡ. ನನ್ನನ್ನು ಕೇಳಬೇಡ, ಅವರನ್ನು ಕೇಳು. ಟೈಟಾನಿಯಮ್ಮೋ ಇನ್ನೊಂದೋ, ನಿನ್ನ ಕಿವಿಗೆ ಯಾವುದು ಕೂರುತ್ತದೆ ಅಂತ ಕಿವಿ ನೋಡಿದವರು ಹೇಳಲಿ. ಗುರುವಾರದ ಆಪರೇಷನ್ ತಪ್ಪಿಸಬೇಡ. ಫೈಲಿನಲ್ಲಿ ಬರೆದದ್ದನ್ನು ನಾನೇ ಹೋಗಿ ಹೊಡೆದುಹಾಕಿಸುತ್ತೇನೆ.

ನಿನ್ನಮ್ಮ ಇವತ್ತಿಗೂ, ನಿನ್ನ ತಲೆಗೆ ನೀರು ಹಾಕುವಾಗ ತಾನು ಕಿವಿಯೊಳಕ್ಕೆ ನೀರು ಹೋಗಲು ಬಿಟ್ಟದ್ದರಿಂದಲೇ ಹೀಗಾಯಿತು ಅಂತ ಕಣ್ಣೊರೆಸಿಕೊಳ್ಳುತ್ತಾಳೆ. ಅದನ್ನು ನೋಡಿಕೊಂಡೇ ಅವಳು ಬಡಿಸಿದ ಮುದ್ದೆ ನುಂಗಿದ್ದೇನೆ. ನಾಳೆ ಬೆಳಗ್ಗೆ ವಿಜಯನಗರದ ನಿಮ್ಮ ಮನೆಗೆ ಬಂದು ಈ ಕಾಗದ ನಿನ್ನ ಕೈಗಿಟ್ಟು ನೆಟ್ಟಗೆ ಅಡುಗೆಮನೆಗೆ ಹೋಗುತ್ತೇನೆ. ನೀನಿದನ್ನು ಓದುವ ಹೊತ್ತಿಗೆ ಅಕ್ಕನಿಗೆ ಹೇಳುತ್ತಿರುತ್ತೇನೆ. ಅವಳ ದನಿ ಏರಿದರೆ ಬಿಡಿಸಲು ಬರಬೇಡ. ಪಾತ್ರೆ ಬಿದ್ದರೂ ಬರಬೇಡ. ಅವಳು ಪೂರ್ತಿ ಬೈಯಲಿ.

ನಿನಗೆ ಒಳ್ಳೆಯದಾಗಲಿ ತಾಯಿ, ಮಕ್ಕಳು ಯಾವ ಕಡೆಯಿಂದ ಕರೆದರೂ ನೀನು ಅದೇ ಕಡೆಗೆ ತಿರುಗುವಂತಾಗಲಿ.

ಕ್ಷಮಿಸು ಅಂತ ಕೇಳುವ ಮುಖವಿಲ್ಲದ ನಿನ್ನ ಸೋದರಮಾವ,
ಮರಿಸ್ವಾಮಿ